ಬಿಡಿಭಾಗಗಳು ಸೇರಿದಂತೆ

ಆಮದು ಗಡಿಯಾರಗಳ ಮೇಲೆ ಸರ್ಕಾರ ಸುಂಕ ಏರಿಸಿದ ಸುದ್ದಿ ಬಂದ ದಿನ ತಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೋಡೆ ಗಡಿಯಾರ ತಯಾರಕರ ಸಂಘಕ್ಕೆ ಅವನೇ ಅಧ್ಯಕ್ಷ. ಹೊರದೇಶದ ಅಗ್ಗದ ಗಡಿಯಾರ ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತಿದೆ ಎಂದು ವರ್ಷಗಟ್ಟಲೆ ಮನವಿ ಬರೆದವನು, ಮಂತ್ರಿಗಳ ಬಾಗಿಲು ಕಾದವನು. ಕಾರ್ಖಾನೆಯ ಹೆಂಗಸರು ಹಿಂದಿನಿಂದ ಅವನಿಗಿಟ್ಟ ಹೆಸರು ‘ಭಾಷಣ’. ಭಾಷಣ ಒಳಗೆ ಬಂದರೆ ಕೆಲಸ ನಿಂತಂತೆಯೇ ಲೆಕ್ಕ.

ಕಾರ್ಖಾನೆ ನಡೆಸುತ್ತಿದ್ದವಳು ಅಕ್ಕ. ಕಾರ್ಖಾನೆಯೆಂದರೆ ದೊಡ್ಡದೇನಲ್ಲ, ಒಂದು ಉದ್ದನೆಯ ಕೋಣೆ, ಅದರ ತುಂಬ ಒಂದು ಮೇಜು, ಹಿಂದೆ ಮರ ಕೊಯ್ಯಲು ತಗಡಿನ ಮಾಡು. ಚೌಕಟ್ಟು, ಅಂಕಿಯ ಹಲಗೆ, ಮುಳ್ಳು, ಗಾಜು ಎಲ್ಲ ಅಲ್ಲೇ ಆಗುತ್ತಿತ್ತು. ಆಗದೆ ಇದ್ದದ್ದು ಒಂದೇ, ಗಡಿಯಾರದ ಬೆನ್ನಿಗೆ ಕೂರುವ ಪುಟ್ಟ ಕಪ್ಪು ಡಬ್ಬಿ. ಎಲ್ಲರೂ ಅದನ್ನು ಮಿಷನ್ನು ಎನ್ನುತ್ತಿದ್ದರು. ಮುಳ್ಳನ್ನು ತಿರುಗಿಸುವುದು ಅದೇ. ಅದು ದೇಶದಲ್ಲಿ ಎಲ್ಲೂ ತಯಾರಾಗುತ್ತಿರಲಿಲ್ಲ, ಹಡಗಿನಲ್ಲೇ ಬರಬೇಕು.

ತಮ್ಮ ಹಂಚಿದ ಸಿಹಿ ಇನ್ನೂ ಬಾಯಲ್ಲಿರುವಾಗಲೇ ಮಿಷನ್ನು ತರಿಸಿಕೊಡುವ ಏಜೆಂಟನ ಫೋನು ಬಂತು. ಪೆಟ್ಟಿಗೆಗಳು ಬಂದರಿನಲ್ಲೇ ನಿಂತಿವೆಯಂತೆ. ಆದೇಶದಲ್ಲಿ ‘ಗಡಿಯಾರಗಳು, ಬಿಡಿಭಾಗಗಳು ಸೇರಿದಂತೆ’ ಎಂದಿದೆಯಂತೆ. ಆ ಸುಂಕ ಕಟ್ಟಿ ಬಿಡಿಸಿಕೊಂಡರೆ ಗಡಿಯಾರ ಮಾರಿದರೂ ಮಿಷನ್ನಿನ ದುಡ್ಡು ಹುಟ್ಟುವುದಿಲ್ಲ.

“ಬಿಡಿಭಾಗ ಅಂತ ಯಾರು ಸೇರಿಸಿದ್ದು?” ಎಂದಳು ಅಕ್ಕ.

ತಮ್ಮ ಗೋಡೆ ನೋಡಿದ. ಗೋಡೆಗೇನು, ನೋಡಿಸಿಕೊಂಡಿತು.

ಸೇರಿಸಿದ್ದು ಅವನೇ, ಒಂದು ಲೆಕ್ಕದಲ್ಲಿ. ಮನವಿಯಲ್ಲಿ ಅಭಿಮಾನ ಉಕ್ಕಿ, ಮೊಳೆಯಿಂದ ಮಿಷನ್ನಿನವರೆಗೆ ಎಲ್ಲವನ್ನೂ ನಾವೇ ತಯಾರಿಸುತ್ತೇವೆ ಎಂದು ಬರೆದಿದ್ದ. ಅದನ್ನು ಪರೀಕ್ಷಿಸಲು ಸುಂಕದ ಅಧಿಕಾರಿ ಕಾರ್ಖಾನೆಗೇ ಬಂದಿದ್ದರು. ಆ ಬೆಳಿಗ್ಗೆ ಅಕ್ಕ ತನ್ನ ಕೈಯಾರೆ ಮಿಷನ್ನಿನ ಪೆಟ್ಟಿಗೆಗಳನ್ನು ಮೂಲೆಗೆ ಸರಿಸಿ, ಮೇಲೆ ಹೊದಿಕೆ ಹಾಸಿ, ಅಮ್ಮನನ್ನು ಕೂರಿಸಿದ್ದಳು. ಅಧಿಕಾರಿ ಅಮ್ಮನಿಗೆ ಕೈ ಮುಗಿದು ಹೇಗಿದ್ದೀರಿ ಎಂದು ಕೇಳಿದರೆ, ಅಮ್ಮ, “ಆರೋಗ್ಯಕ್ಕೇನಿಲ್ಲಪ್ಪ, ಕೂತ ಜಾಗ ಮಾತ್ರ ಗಟ್ಟಿ” ಎಂದಿದ್ದರು. ಆಗ ಎಲ್ಲರೂ ನಕ್ಕಿದ್ದರು. ಅಧಿಕಾರಿ ಹೋಗಿ, ಈ ದೇಶದವರಿಗೆ ಹೊರಗಿನ ಬಿಡಿಭಾಗದ ಅಗತ್ಯವೇ ಇಲ್ಲ ಎಂದು ವರದಿ ಕೊಟ್ಟರು. ಸಂಘದವರ ಹೆಸರೆಲ್ಲ ದೇಶೀ ತಯಾರಕರ ಪಟ್ಟಿಗೆ ಏರಿತು. ಪಟ್ಟಿಯಲ್ಲಿದ್ದವರಿಂದ ಮಾತ್ರ ಸರ್ಕಾರಿ ಶಾಲೆಗಳು ಗಡಿಯಾರ ಕೊಳ್ಳುತ್ತಿದ್ದವು. ವರ್ಷದ ಅರ್ಧ ಅನ್ನ ಅದರಿಂದಲೇ.

“ಹೋಗಿ ನಿಜ ಹೇಳು” ಎಂದಳು ಅಕ್ಕ. ನಿಜ ಹೇಳಿದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಶಾಲೆಗಳ ಆರ್ಡರೂ ಹೋಗುತ್ತದೆ, ಸಂಘದವರು ತನ್ನನ್ನು ಬಾಳಗೊಡುವುದಿಲ್ಲ ಎಂದ ತಮ್ಮ. ಹೇಳದಿದ್ದರೆ ಮಿಷನ್ನಿಲ್ಲ, ಮಿಷನ್ನಿಲ್ಲದ ಗಡಿಯಾರವನ್ನು ಶಾಲೆಗೆ ಕೊಡುವುದು ಹೇಗೆ ಎಂದಳು ಅಕ್ಕ. ಹೀಗೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತ ಕೆಲವು ದಿನ ಹೋಯಿತು.

ಅಷ್ಟರಲ್ಲಿ ಹೊರದೇಶದವರು ಸುಮ್ಮನೆ ಕೂತಿರಲಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜಾತಿ. ಗಡಿಯಾರದ ಮಗ್ಗುಲಲ್ಲಿ ಒಂದು ಫೋಟೊ ಸಿಕ್ಕಿಸುವ ಜಾಗ ಮಾಡಿ, ‘ಅಲಂಕಾರದ ಫೋಟೊ ಚೌಕಟ್ಟು’ ಎಂಬ ಹೆಸರಿನಲ್ಲಿ ಕಳಿಸತೊಡಗಿದರು. ಫೋಟೊ ಚೌಕಟ್ಟಿಗೆ ಹೆಚ್ಚಿನ ಸುಂಕವಿಲ್ಲ. ಪೇಟೆಯ ಅಂಗಡಿಗಳ ಮುಂದೆ ಅವು ಮೊದಲಿಗಿಂತ ಎತ್ತರವಾಗಿ ರಾಶಿ ಬಿದ್ದವು.

ತಮ್ಮ ಒಂದು ಹೊರೆ ಹೊತ್ತು ತಂದ. ಒಡೆದು ಮಿಷನ್ನು ಕಿತ್ತುಕೊಳ್ಳಿ ಎಂದ. ಅದೇ ಮಿಷನ್ನು, ಬಂದರಿನಲ್ಲಿ ನಿಂತಿರುವುದೂ ಅದೇ. ಬಿಡಿಯಾಗಿ ತರುವುದಕ್ಕಿಂತ ಇಡಿಯಾಗಿ ಕೊಂಡು ಒಡೆಯುವುದೇ ಅಗ್ಗ ಎಂದು ಲೆಕ್ಕ ಹಾಕಿ ತೋರಿಸಿದ. ಲೆಕ್ಕ ಸರಿಯಾಗಿತ್ತು. ಅದೇ ಅಕ್ಕನ ತಲೆ ಕೆಡಿಸಿದ್ದು.

ಉದ್ದನೆಯ ಮೇಜಿನ ಮೇಲೆ ಹೆಂಗಸರು ಹೊಸ ಗಡಿಯಾರಗಳ ಬೆನ್ನು ಬಿಚ್ಚತೊಡಗಿದರು. ನೀಟಾದ ಚೌಕಟ್ಟು, ಒರೆಸಿದ ಗಾಜು, ಎಲ್ಲ ಹಿತ್ತಲಿನ ತಿಪ್ಪೆಗೆ. ಮುಳ್ಳು ಕೂರಿಸುವ ಹಿರಿಯಳು ಕೈ ನಿಲ್ಲಿಸದೆ ಕೇಳಿದಳು, “ಅಕ್ಕಾ, ನಾವೀಗ ತಯಾರಕರಾ ಕಟುಕರಾ?”

“ಕೆಲಸ ನೋಡೇ.”

“ನೋಡ್ತಾನೇ ಇದೀನಿ. ಪರದೇಶದ ಗಡಿಯಾರಕ್ಕೆ ನಮಗಿಂತ ದೊಡ್ಡ ಗಿರಾಕಿ ಇಲ್ಲ ಅಂತಾರೆ ಅಂಗಡಿಯವ್ರು. ಭಾಷಣದವ್ರನ್ನ ಕಂಡ್ರೆ ಎದ್ದು ಕುರ್ಚಿ ಕೊಡ್ತಾರಂತೆ.”

ಮೇಜಿನ ಸುತ್ತ ನಗು ಹರಿಯಿತು. ಅಕ್ಕನಿಗೆ ನಗು ಬರಲಿಲ್ಲ. ತಾನು ಅವತ್ತು ಹೊದಿಕೆ ಹಾಸದೆ ಇದ್ದಿದ್ದರೆ? ಆದರೆ ಹಾಸದೆ ಇದ್ದಿದ್ದರೆ ಶಾಲೆಗಳ ಆರ್ಡರು ಬರುತ್ತಿತ್ತೇ? ಯಾವ ಕಡೆಯಿಂದ ಯೋಚಿಸಿದರೂ ತಪ್ಪು ತನ್ನ ಕಾಲ ಬುಡಕ್ಕೇ ಬಂದು ನಿಲ್ಲುತ್ತಿತ್ತು.

ಆಮೇಲೆ ಅಂಗಡಿಯವರು ಬೆಲೆ ಏರಿಸಿದರು. ಒಡೆಯುವುದಕ್ಕಾಗಿಯೇ ಕೊಳ್ಳುವವರಿದ್ದಾರೆಂದು ತಿಳಿದ ಮೇಲೆ ಯಾರು ಬಿಡುತ್ತಾರೆ. ಅರ್ಧ ಹೆಂಗಸರನ್ನು ಮನೆಗೆ ಕಳಿಸೋಣ, ಪರಿಸ್ಥಿತಿ ಸುಧಾರಿಸಿದ ಮೇಲೆ ಕರೆಸಿಕೊಳ್ಳೋಣ ಎಂದ ತಮ್ಮ. ಯಾವ ಅರ್ಧ ಎಂದು ಕೇಳಿದಳು ಅಕ್ಕ. ನೀನೇ ನೋಡು ಎಂದ.

ಮರುದಿನ ಅವಳು ಒಂದು ಫೋಟೊ ಚೌಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಸುಂಕದ ಕಚೇರಿಗೆ ಹೊರಟಳು. ಬೇಡ ಬೇಡ ಎನ್ನುತ್ತಲೇ ತಮ್ಮ ಹಿಂದೆ ಬಂದ. ಕಚೇರಿಯ ಬಾಗಿಲಲ್ಲಿ ನಿಂತುಬಿಟ್ಟ. ಒಳಗೆ ಅಧಿಕಾರಿಯ ಮೇಜಿನ ಮೇಲೆ ಕಡತಗಳ ನಡುವೆ ಸ್ವಲ್ಪ ಜಾಗ ಮಾಡಿಕೊಂಡು, ಚೌಕಟ್ಟನ್ನು ಬೋರಲು ಹಾಕಿ, ಮಿಷನ್ನು ಬಿಚ್ಚಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಅಮ್ಮನನ್ನು ಯಾತರ ಮೇಲೆ ಕೂರಿಸಿದ್ದೆವು ಎಂಬುದನ್ನೂ ಹೇಳಿದಳು.

ಅಧಿಕಾರಿ ಬಯ್ಯಲಿಲ್ಲ. ಬಯ್ಯಲೂ ಸುಸ್ತಾದವರ ಹಾಗೆ ಹಣೆ ಒತ್ತಿಕೊಂಡರು. “ಫೋಟೊ ಚೌಕಟ್ಟಿಗೂ ಸುಂಕ ಏರಿಸಿ ಅಂತ ಬರೀಲಾ? ನಂಗೆ ಅದು ಸುಲಭ.”

“ಹಾಗೆ ಮಾಡಿದ್ರೆ ನಾವು ಪೂರ್ತಿ ಸತ್ತ ಹಾಗೆ ಸರ್.”

“ಮತ್ತೆ ಬಿಡಿಭಾಗ ಬಿಟ್ಟುಕೊಡೋಕೆ ಕಾರಣ ಬೇಕಲ್ಲಮ್ಮ. ದೇಶದಲ್ಲಿ ಮಿಷನ್ನು ಆಗಲ್ಲ ಅಂತ ನೀವು ಬರೆದುಕೊಟ್ರೆ ನಾನು ಮೇಲಕ್ಕೆ ಕಳಿಸ್ತೀನಿ, ಸಿಗುತ್ತೆ ಕೂಡ. ಆದ್ರೆ ನಿಮ್ಮ ಹೆಸರು ದೇಶೀ ಪಟ್ಟಿಯಿಂದ ಹೋಗುತ್ತೆ. ಶಾಲೆ ಆರ್ಡರ್ ಇರಲ್ಲ. ಮನೇಲಿ ಕೇಳ್ಕೊಂಡು ಬರ್ತೀರಾ?”

ಅಕ್ಕ ಬಾಗಿಲ ಕಡೆ ನೋಡಿದಳು. ತಮ್ಮ ಯಾರಿಗೋ ಏನನ್ನೋ ವಿವರಿಸುತ್ತಿದ್ದ, ಕೈ ಗಾಳಿಯಲ್ಲಿತ್ತು. ಕೇಳಿದರೆ ಸಂಘದ ಸಭೆ, ಸಭೆಯಲ್ಲಿ ಭಾಷಣ, ಭಾಷಣ ಮುಗಿಯುವಷ್ಟರಲ್ಲಿ ಅರ್ಧ ಮೇಜು ಖಾಲಿ. ಶಾಲೆ ಹೋದರೆ ಅಂಗಡಿ ಅಂಗಡಿ ಅಲೆದಾದರೂ ಮಾರಬಹುದು. ಮಾರಲು ಗಡಿಯಾರವಂತೂ ಇರುತ್ತದೆ.

“ಎಲ್ಲಿ ಬರೀಬೇಕು?” ಎಂದಳು.

ಹೊರಗೆ ಬಂದಾಗ ಅವಳ ಮುಖ ನೋಡಿಯೇ ತಮ್ಮ ತಿಳಿದುಕೊಂಡ. ಮೆಟ್ಟಿಲ ಮೇಲೆ ಕುಸಿದು ಕೂತ. “ಯಾರನ್ನ ಕೇಳಿ ಬರೆದುಕೊಟ್ಟೆ ಅಕ್ಕ?”

“ಮೇಜಿನ ಸುತ್ತ ಕೂತಿರೋರನ್ನ ನೆನೆಸಿಕೊಂಡೆ. ನಿನ್ನನ್ನ ಕೇಳಲಿಲ್ಲ.”

ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ ತಮ್ಮನಿಗೆ ಜೀವ ಬಂತು. ಮಿಷನ್ನನ್ನೇ ಇಲ್ಲಿ ತಯಾರಿಸಲು ಸರ್ಕಾರ ನೆರವು ಕೊಡಬೇಕು, ಇದಕ್ಕೊಂದು ಗಟ್ಟಿ ಮನವಿ ಆಗಬೇಕು, ಮೊದಲ ಸಾಲು ಹೀಗಿರಲಿ ಎಂದು ಶುರುಮಾಡಿದ.

“ಬರಿ” ಎಂದಳು ಅಕ್ಕ, ಕಿಟಕಿಯ ಕಡೆ ತಿರುಗಿಕೊಂಡು. “ಆದ್ರೆ ಕಳಿಸೋಕೆ ಮುಂಚೆ ಹೆಂಗಸರಿಗೆ ಓದಿ ಹೇಳು. ಅವ್ರು ನಗೋ ಜಾಗಾನೆಲ್ಲ ಹೊಡೆದು ಹಾಕು.”