ಟವೆಲ್ಲಿನ ಕೆಳಗಿನ ಬೆರಳುಗಳು

ಬಬಲೇಶ್ವರದ ಕುರಿ ಸಂತೆಯಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲಾಲ ಕೈಮೇಲೆ ಟವೆಲ್ ಹೊದಿಸಿಕೊಂಡು ಕೂರುತ್ತಾನೆ. ಮಾರುವವನು ಒಳಗೆ ಕೈ ತೂರಿಸಿ ಅವನ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳೆಷ್ಟೋ ಅಷ್ಟು ಸಾವಿರ. ಟಿಕೋಟಾದ ಕುತುಬುದ್ದೀನ ಇಪ್ಪತ್ತು ವರ್ಷ ಹೀಗೇ ದಲಾಲಿ ಮಾಡಿದವನು. ಒಮ್ಮೆಯೂ ಬೆರಳು ತಪ್ಪಿರಲಿಲ್ಲ.

ಈ ರಂಜಾನ್ ಮುಗಿದಂದಿನಿಂದ ಬಲಗೈ ಬೆರಳುಗಳು ಒಂದೊಂದಾಗಿ ತಣ್ಣಗಾಗಿ, ಬೆಳ್ಳಗಾಗಿ, ತುದಿ ನೀಲಿಗಟ್ಟಿದವು. ಬಿಜಾಪುರದಲ್ಲಿ ಗೋಳಗುಮ್ಮಟದ ಹತ್ತಿರದ ಡಾಕ್ಟರು ಮಣಿಕಟ್ಟಿನ ನಾಡಿ ಹುಡುಕಿ ಹುಡುಕಿ ಸಾಕಾಗಿ, "ದಿನಕ್ಕ ಎಷ್ಟು ಬೀಡಿ?" ಎಂದರು.

"ಹತ್ತ್ ಇರಬೇಕ್ರಿ."

"ಖರೇ ಹೇಳ್ರಿ."

"ಎರಡು ಕಟ್ಟ್ರಿ."

"ತಂಬಾಕು ನಿಮ್ಮ ರಕ್ತನಾಳ ಮುಚ್ಚಾಕತ್ತೈತಿ. ಇವತ್ತ ಬಿಟ್ರ ಬೆರಳು ಉಳದಾವು. ಇಲ್ಲಂದ್ರ ಕತ್ತರಸಬೇಕಾಕೈತಿ ನೋಡ್ರಿ."

ಇಷ್ಟು ಕೇಳಿದವನು ಏನು ಮಾಡಬೇಕು ಹೇಳಿ? ಈ ಪುಣ್ಯಾತ್ಮ ಬಸ್ ಸ್ಟ್ಯಾಂಡಿಗೆ ಬಂದು, ಹೆದರಿಕೆ ಕಳೆಯಲೆಂದು ಬೀಡಿಯನ್ನೇ ಹಚ್ಚಿದ! ಮನೆಯಲ್ಲಿ ಹೆಂಡತಿ ರಾಜಬಿಗೆ, "ಏನಿಲ್ಲ, ಥಂಡಿ ಹಿಡದೈತಂತ," ಎಂದ. ಅವಳು ಪಾಪ, ದಿನಾ ಕೈಗೆ ಎಣ್ಣೆ ತಿಕ್ಕಿದಳು.

ಮುಂದಿನ ಸಂತೆಗೆ ಬಿಜ್ಜರಗಿಯ ಶಂಕ್ರೆಪ್ಪ ಜೋಡಿ ಟಗರು ತಂದ. ಟವೆಲ್ಲಿನೊಳಗೆ ಅವನು ಬೆರಳು ಹಿಡಿದ. ಕುತುಬುದ್ದೀನನಿಗೆ ಎಲ್ಲೋ ದೂರದಲ್ಲಿ ಯಾರೋ ಮುಟ್ಟಿದಂತಾಯಿತು, ಅಷ್ಟೇ. ಎರಡಿರಬೇಕು ಎಂದುಕೊಂಡು ಗಿರಾಕಿಗೆ ಎರಡು ಸಾವಿರಕ್ಕೆ ಮುಗಿಸಿಬಿಟ್ಟ.

"ಸಾಹೇಬ, ನಾ ಮೂರು ಹಿಡದಿದ್ದೆ!" ಎಂದು ಶಂಕ್ರೆಪ್ಪ ಕೂಗಿದ.

ತಪ್ಪಾಯಿತು ಎಂದಿದ್ದರೆ ಮುಗಿದೇಹೋಗುತ್ತಿತ್ತು. ಬೆರಳಿನ ಗುಟ್ಟು ಬಯಲಾದರೆ ಇನ್ನು ಯಾರು ತನ್ನ ಟವೆಲ್ಲಿಗೆ ಕೈ ಹಾಕುತ್ತಾರೆ ಎಂಬ ಭಯಕ್ಕೆ, "ಎರಡ ಹಿಡದು ಈಗ ಸುಳ್ಳ ಹೇಳ್ತಿಯೇನೋ?" ಎಂದುಬಿಟ್ಟ. ನಾಲ್ಕು ಜನರೆದುರು ಸುಳ್ಳ ಎನ್ನಿಸಿಕೊಂಡ ಶಂಕ್ರೆಪ್ಪ ಟಗರು ಹೊಡೆದುಕೊಂಡು ಹೋದ.

ಸುದ್ದಿ ಕುತುಬುದ್ದೀನನಿಗಿಂತ ಮೊದಲೇ ಮನೆ ಮುಟ್ಟಿತ್ತು. ರಾಜಬಿ ಜಗಳಾಡಲಿಲ್ಲ. ಎದುರು ಕೂತು ಇಬ್ಬರ ಕೈಮೇಲೆ ಟವೆಲ್ ಹೊದಿಸಿದಳು.

"ಎಷ್ಟ ಬೆರಳು ಹಿಡದೇನಿ? ಹೇಳ್ರಿ."

ಅವನು ಅವಳ ಮುಖ ನೋಡಿದ. ಅಲ್ಲೇನೂ ಸಿಗಲಿಲ್ಲ. "ಮೂರು," ಎಂದ.

ರಾಜಬಿ ಟವೆಲ್ ಎತ್ತಿದಳು. ಅವಳ ಕೈ ಅವನ ಕೈಯಿಂದ ಗೇಣು ದೂರವಿತ್ತು. ಅವಳು ಮುಟ್ಟಿಯೇ ಇರಲಿಲ್ಲ.

ಇನ್ನು ಮುಚ್ಚಿಡುವುದೇನಿತ್ತು? ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ರಾಜಬಿ ಗಳಗಳ ಅತ್ತಳು.

"ಬೆರಳ ಹೋದ್ರ ನಾನ ತುತ್ತು ಮಾಡಿ ಉಣಸ್ತೇನಿ. ಆದ್ರ ಶಂಕ್ರೆಪ್ಪಣ್ಣಗ ಸುಳ್ಳ ಅಂದ್ರೆಲ್ಲ, ಅದನ್ನ ಹೆಂಗ ನುಂಗ್ಲಿ ನಾ?"

"ನಾಳೆ ಬಿಜ್ಜರಗಿಗೆ ಹೋಗಿ ಕಾಲ ಹಿಡೀತೇನಿ," ಎಂದ ಕುತುಬುದ್ದೀನ. ಆಮೇಲೆ ಹೆದರುತ್ತಾ ಎಡಗೈಯನ್ನು ತಾನೇ ಟವೆಲ್ಲಿನ ಕೆಳಗೆ ತೂರಿಸಿದ. "ಇದನ್ನೂ ನೋಡಬೇ."

ಈ ಸಲ ಅವಳ ಮುಖ ನೋಡಲಿಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ಕೂತ.

"ಎರಡು," ಎಂದ.

ಟವೆಲ್ ಎತ್ತಿದರೆ ಅವಳು ಹಿಡಿದದ್ದು ಎರಡೇ. ಅವನು ಕೂಸಿನಂತೆ ಬಿಕ್ಕಿದ. ಅದೇ ಎಡಗೈಯಿಂದ ಕಿಸೆಯಲ್ಲಿದ್ದ ಬೀಡಿ ಕಟ್ಟು ತೆಗೆದು ಅವಳ ಅಂಗೈಯಲ್ಲಿಟ್ಟ.