ಬಿಸಿಚೀಲದಲ್ಲಿ ಬೇಯದ ಕಾಳು

ಫೋಲ್ಕೆ ಹೊಲಿದ ಬಿಸಿಚೀಲದೊಳಗೆ ಬೆಣಚುಕಲ್ಲು ಹಾಕಿಟ್ಟರೂ ಸಂಜೆಯ ಹೊತ್ತಿಗೆ ಬೆಣ್ಣೆಯಾಗಿರುತ್ತದೆ ಎಂದು ನಾರ್ವೆಯ ಗಡಿಗೆ ತಾಗಿದ ಯೆಮ್ತ್‌ಲಾಂಡಿನ ಬೆಟ್ಟಗಳಲ್ಲೆಲ್ಲ ಹೆಸರಿತ್ತು. ಆ ಹೆಸರು ಹಬ್ಬಿಸಿದವನು ಫೋಲ್ಕೆಯೇ. ಅವನ ವರ್ಣನೆ ಕೇಳೀ ಕೇಳೀ ಅಲ್ಲಿನ ಹಿಮಸಾರಂಗಗಳಿಗೂ ಕಿವಿ ಮಂದವಾಗಿತ್ತು. ಕಾರಿನ ಗಾಜಿಗೆ ಬಿಸಿಲು ತಡೆಯಲು ಹಾಕುವ ಬೆಳ್ಳಿಬಣ್ಣದ ಹಾಳೆ, ಹಳೆಯ ಮಲಗುಚೀಲದಿಂದ ಕತ್ತರಿಸಿದ ಬಟ್ಟೆ, ಬಾಯಿಗೊಂದು ಅಂಟುಪಟ್ಟಿ, ಇಷ್ಟೇ ಅದರ ಸಾಮಾನು. ನೀರು ಒಂದು ಕುದಿ ಬಂದೊಡನೆ ಸ್ಟೌ ಆರಿಸಿ, ಪಾತ್ರೆಯನ್ನು ಚೀಲದೊಳಗಿಳಿಸಿ ಬಾಯಿ ಮುಚ್ಚಿದರೆ ಮಿಕ್ಕ ಅಡುಗೆಯನ್ನು ಅದೇ ನೋಡಿಕೊಳ್ಳುತ್ತದೆ. ತೂಕವೋ, ಗಾಳಿಗೆ ಹಿಡಿದು ಕೈಬಿಟ್ಟರೆ ನಾರ್ವೆಯಲ್ಲಿ ಹೋಗಿ ಹುಡುಕಬೇಕು.

ಬೆನ್ನಚೀಲ ಹಗುರ ಮಾಡುವ ಹುಚ್ಚು ಅವನ ಸಂಘದ ಚಾರಣಿಗರಿಗೆಲ್ಲ ಇತ್ತು. ಆದರೆ ಮಿಕ್ಕವರು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕತ್ತರಿಸಿ ಸುಮ್ಮನಾದರೆ ಇವನು ಅದರ ಕೂದಲನ್ನೂ ಅರ್ಧ ಕಿತ್ತಿದ್ದ. ಉಗುರು ಕತ್ತರಿಸಿಕೊಳ್ಳದೆ ಬೆಟ್ಟಕ್ಕೆ ಹೊರಟವನೇ ಅಲ್ಲ. ಈ ಸಲ ಇಬ್ಬರ ಒಂದು ವಾರದ ಅಡುಗೆಯನ್ನು ಅಂಗೈಯಗಲದ ಒಂದೇ ಗ್ಯಾಸ್ ಡಬ್ಬಿಯಲ್ಲಿ ಮುಗಿಸುತ್ತೇನೆಂದು ಸಂಘದವರ ಮುಂದೆ ಎದೆ ತಟ್ಟಿಕೊಂಡು ಬಂದಿದ್ದ.

ಜೊತೆಗಿದ್ದವಳು ತೂವಾ, ಅವನ ಹೆಂಡತಿ ಇಂಗೆಲಾಳ ಮೊದಲ ಮದುವೆಯ ಮಗಳು. ಇಪ್ಪತ್ತು ದಾಟಿದ ಹುಡುಗಿ. ಫೋಲ್ಕೆ ಆ ಮನೆಗೆ ಬಂದಂದಿನಿಂದ ಅವಳು ಅವನೊಡನೆ ಆಡಿದ ಮಾತನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಬೆಂಕಿಪೊಟ್ಟಣದಲ್ಲಿ ತುಂಬಿಡಬಹುದಿತ್ತು. ಅಂಥವಳು ಈ ಬೇಸಿಗೆಯಲ್ಲಿ ತಾನಾಗಿಯೇ, ನಾನೂ ಬೆಟ್ಟಕ್ಕೆ ಬರುತ್ತೇನೆ ಎಂದಿದ್ದಳು. ಫೋಲ್ಕೆಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವಳಿಗೆ ಏನು ಇಷ್ಟ ಎಂದು ಇಂಗೆಲಾಳನ್ನು ಗುಟ್ಟಾಗಿ ಕೇಳಿದ. ಖಾರ ಹಾಕಿದ ಕೆಂಪು ಬೀನ್ಸ್ ಕಾಳಿನ ಪಲ್ಯ ಎಂದಳು ಅವಳು. ಡಬ್ಬಿಯಲ್ಲಿ ಬರುವ ಬೆಂದ ಕಾಳು ಭಾರ. ಒಣಕಾಳು ಕೊಂಡ. ಪೊಟ್ಟಣದ ಕಾಗದವೂ ಒಂದು ತೂಕವೇ ಎಂದು ಅದನ್ನು ಹರಿದು ಬಿಸಾಡಿ, ಕಾಳನ್ನು ತೆಳುವಾದ ಚೀಲಕ್ಕೆ ಸುರಿದುಕೊಂಡ.

ಎರಡನೆಯ ದಿನ ಮಧ್ಯಾಹ್ನ ಬಂಡೆಯೊಂದರ ಮರೆಯಲ್ಲಿ ಕೂತರು. ಹಿಂದಿನ ಸಂಜೆಯಿಂದ ಬಾಟಲಿಯಲ್ಲಿ ನೆನೆದಿದ್ದ ಕಾಳಿಗೆ ಒಂದು ಕುದಿ ಬರಿಸಿ, ಬಿಸಿಚೀಲದಲ್ಲಿಟ್ಟು, ಹಸುಗೂಸಿನಂತೆ ಜಾಕೆಟ್ಟಿನೊಳಗೆ ಅವುಚಿಕೊಂಡು ಫೋಲ್ಕೆ ಕಾದ. ಆಮೇಲೆ ದೊಡ್ಡ ಪಾಲನ್ನು ಅವಳಿಗೆ ಬಡಿಸಿದ.

ತೂವಾ ಎರಡು ಚಮಚ ತಿಂದು ನಿಲ್ಲಿಸಿದಳು. "ಫೋಲ್ಕೆ, ಕಾಳು ಇನ್ನೂ ಗಟ್ಟಿ ಇದೆ."

ಅವನೂ ಒಂದನ್ನು ಕಡಿದು ನೋಡಿದ. ಗಟ್ಟಿಯೇ ಇತ್ತು. ಗ್ಯಾಸ್ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಅಲ್ಲಾಡಿಸಿದರೆ ಒಳಗೆ ಬೇಕಾದಷ್ಟು ಕುಲುಕುತ್ತಿತ್ತು. ಆದರೆ ಆ ಡಬ್ಬಿ ವಾರವಿಡೀ ಬರಬೇಕಿತ್ತಲ್ಲ.

"ಡಬ್ಬಿ ಕಾಳು ತಿಂದೂ ತಿಂದೂ ನಿನ್ನ ಹಲ್ಲಿಗೆ ಸೋಮಾರಿತನ ಬಂದಿದೆ," ಎಂದ. "ಅಗಿ, ಅಗಿ. ಬೆಟ್ಟದಲ್ಲಿ ಕಾಳು ಹೀಗೇ ಇರೋದು."

ತೂವಾ ನಕ್ಕಳು. ಅವನ ಮಾತಿಗೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತಲೇ ಬಟ್ಟಲು ಬರಿದು ಮಾಡಿದಳು. ಆ ನಗುವಿನ ಶಾಖದಲ್ಲಿ ಫೋಲ್ಕೆ ಇನ್ನೂ ನಾಲ್ಕು ಬೆಟ್ಟ ಬರಿಗಾಲಲ್ಲಿ ಹತ್ತಿಬಿಡುತ್ತಿದ್ದ.

ಒಂದು ಬೆಟ್ಟವೂ ದಾಟಲಿಲ್ಲ. ಇಳಿಜಾರಿನಲ್ಲಿ ತೂವಾ ಹೊಟ್ಟೆ ಹಿಡಿದುಕೊಂಡು ಕುಸಿದು ಕೂತಳು. ಆಮೇಲೆ ವಾಂತಿ ಶುರುವಾಯಿತು, ಹೋದ ಕ್ರಿಸ್‌ಮಸ್ಸಿನ ಊಟವೂ ಹೊರಬಂದೀತು ಎನ್ನುವಂತೆ. ಫೋಲ್ಕೆಗೂ ಹೊಟ್ಟೆ ತೊಳಸಿತು, ಆದರೆ ಅವನು ತಿಂದಿದ್ದು ಕಡಿಮೆ. ಎರಡೂ ಬೆನ್ನಚೀಲ ಹೊತ್ತು, ಅವಳ ತೋಳನ್ನು ಹೆಗಲಿಗೆ ಹಾಕಿಕೊಂಡು ಕಣಿವೆಯ ತಂಗುಮನೆಯತ್ತ ನಡೆದ. ಮಳೆಯ ಜೊತೆ ಹಿಮವೂ ಬೀಳತೊಡಗಿತು. ಅವಳ ತುಟಿ ಬಿಳಿಚಿತ್ತು. ಕರೆದರೆ ಓಗೊಡಲು ತಡವಾಗುತ್ತಿತ್ತು. ಹಗುರದ ಬಗ್ಗೆ ದಿನವಿಡೀ ಮಾತಾಡಬಲ್ಲ ಆ ಗಂಡಸಿಗೆ ಹೆಗಲ ಮೇಲಿನ ತೋಳು ಬೆಟ್ಟಕ್ಕಿಂತ ಭಾರವಾಯಿತು.

ನಡೆಯುತ್ತಿರುವಾಗಲೇ ಅವನಿಗೆ ಹರಿದು ಬಿಸಾಡಿದ ಕಾಗದ ನೆನಪಾಯಿತು. ಅದರ ಮೇಲೆ ಕೆಂಪಕ್ಷರದಲ್ಲಿ, ಜೋರಾಗಿ ಚೆನ್ನಾಗಿ ಕುದಿಸದೆ ತಿನ್ನಬೇಡಿ, ಹಸಿಕಾಳು ವಿಷ ಎಂದಿತ್ತು. ಅವನು ಓದಿದ್ದ. ಅಂಗಡಿಯವರು ಪುಕ್ಕಲರು, ಎಲ್ಲದಕ್ಕೂ ಹೆದರಿಸುತ್ತಾರೆ ಎಂದು ಗೊಣಗಿಕೊಂಡೇ ಹರಿದಿದ್ದ.

ತಂಗುಮನೆಯ ಉಸ್ತುವಾರಿ ಗುನ್ವೋರ್ ಅವರನ್ನು ನೋಡಿದವಳೇ ರಬ್ಬರ್ ಕೈಗವಸು ತೊಟ್ಟಳು. ಆ ಬೇಸಿಗೆಯಲ್ಲಿ ಬೆಟ್ಟದ ಮನೆಗಳಲ್ಲಿ ವಾಂತಿಭೇದಿ ಒಂದರಿಂದ ಒಂದಕ್ಕೆ ಅಂಟುತ್ತ ಬಂದಿತ್ತು. ಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಇಬ್ಬರನ್ನೂ ಮಲಗಿಸಿ, ಒಂದೊಂದು ಬಕೆಟ್ ಕೊಟ್ಟು, ದೂರ ನಿಂತು ವಿಚಾರಿಸಿದಳು. ಏನು ತಿಂದಿರಿ, ಯಾವ ನೀರು ಕುಡಿದಿರಿ?

ಫೋಲ್ಕೆಯ ಬಾಯಿ ತೆರೆಯಿತು. ಪಕ್ಕದ ಮಂಚದಿಂದ ತೂವಾಳ ಕೈ ನೇತುಬಿದ್ದಿತ್ತು. "ದಾರಿಯ ತೊರೆ ನೀರು ಕುಡಿದ್ವಿ," ಎಂದ. ಅದು ಸುಳ್ಳೂ ಅಲ್ಲ. ಜನ್ಮದಲ್ಲಿ ಚುಟುಕಾಗಿ ಮಾತಾಡಿ ಗೊತ್ತಿಲ್ಲದ ಅವನು ಅವತ್ತು ಆಡಿದ್ದು ಅಷ್ಟೇ.

ಗುನ್ವೋರ್ ತಲೆಯಾಡಿಸಿ ಹೋಗಿ, ಇಲ್ಲಿ ರೋಗವಿದೆ, ಒಳಗೆ ಯಾರಿಗೂ ಪ್ರವೇಶವಿಲ್ಲ ಎಂದು ಮನೆಯ ಹೊರಬಾಗಿಲಿಗೆ ಕಾಗದ ಅಂಟಿಸಿದಳು.

ಸಂಜೆಯ ಹೊತ್ತಿಗೆ ಅಂಗಳದಲ್ಲಿ ಮಾತು ಕೇಳಿಸಿತು. ವಯಸ್ಸಾದ ಗಂಡಹೆಂಡತಿ, ತೊಯ್ದು ತೊಟ್ಟಿಕ್ಕುತ್ತಿದ್ದರು. ಗಂಡನ ಮಂಡಿ ಕುಂಬಳಕಾಯಿಯಷ್ಟು ಊದಿತ್ತು. ಗುನ್ವೋರ್ ದೂರದಿಂದಲೇ ಹೇಳುತ್ತಿದ್ದಳು: ಒಳಗೆ ಬಿಡಲು ಆಗುವುದಿಲ್ಲ, ಬಿಸಿ ಕಾಫಿ ಕೊಡುತ್ತೇನೆ, ಮುಂದಿನ ಮನೆ ಕಣಿವೆಯ ಆಚೆಗಿದೆ. ಹೆಂಡತಿ ಮೇಲಕ್ಕೆ ನೋಡಿದಳು. ಬೀಳುವ ಹಿಮದಲ್ಲಿ ಬೆಟ್ಟದ ದಾರಿಯೇ ಕಾಣುತ್ತಿರಲಿಲ್ಲ.

"ನನ್ನ ಮಂಡಿನ ಕೇಳಿದ್ರೆ ಒಪ್ಪಲ್ಲ," ಎಂದ ಮುದುಕ. "ಕೇಳದೇನೇ ಹೊರಟುಬಿಡೋಣ."

ಅವರು ಬೆನ್ನಚೀಲ ಏರಿಸಿಕೊಳ್ಳುವುದು ಫೋಲ್ಕೆಗೆ ಕಿಟಕಿಯಿಂದ ಕಾಣಿಸಿತು. ಆ ಮನೆಯ ಗೋಡೆಗಳು ಒಣರೊಟ್ಟಿಯಷ್ಟು ತೆಳು. ಇಲ್ಲಿ ಪಿಸುಗುಟ್ಟಿದ್ದೂ ಆಚೆ ಕೇಳುತ್ತದೆ, ಆಚೆ ಆಡಿದ್ದೂ ಇಲ್ಲಿ ಕೇಳುತ್ತದೆ. ನಿಜ ಹೇಳಿದರೆ ತೂವಾ ಕೇಳಿಸಿಕೊಳ್ಳುತ್ತಾಳೆ. ಆ ಬಂಡೆಯ ಮರೆಯ ನಗು ಅಲ್ಲಿಗೇ ಮುಗಿಯುತ್ತದೆ. ಅವನು ಮಂಚದ ತುದಿಯಲ್ಲಿ ಕೂತ. ಎದ್ದ. ಮತ್ತೆ ಕೂತ. ಮುದುಕನ ಕೋಲು ಕಲ್ಲಿಗೆ ತಾಗುವ ಸದ್ದು ದೂರವಾಗತೊಡಗಿತು. ಆಗ ಬರಿಗಾಲಲ್ಲೇ ಅಂಗಳಕ್ಕೆ ಹೋದ.

"ಅವರನ್ನ ಕಳಿಸಬೇಡ. ಇದು ಅಂಟುರೋಗ ಅಲ್ಲ. ಕೆಂಪು ಬೀನ್ಸ್. ನಾನು ಸರಿಯಾಗಿ ಬೇಯಿಸಲಿಲ್ಲ."

"ಎಷ್ಟು ಹೊತ್ತು ಕುದಿಸಿದೆ?" ಎಂದಳು ಗುನ್ವೋರ್.

"ಕುದಿ ಬಂತು, ಆರಿಸಿದೆ. ಚೀಲದಲ್ಲಿಟ್ಟೆ."

"ಗ್ಯಾಸ್ ಇರಲಿಲ್ವಾ?"

"ಇತ್ತು."

ಗುನ್ವೋರ್ ದಂಪತಿಯನ್ನು ಕೂಗಿ ಕರೆದು, ಯಾವುದಕ್ಕೂ ಇರಲಿ ಎಂದು ಆಚೆ ತುದಿಯ ಕೋಣೆಗೆ ಕಳಿಸಿದಳು. ಆಮೇಲೆ ಫೋಲ್ಕೆಗೆ ಅಂದದ್ದನ್ನು ಕೇಳಿದ್ದರೆ ಹಡಗಿನ ಕುಡುಕರೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ರೇಡಿಯೋದಲ್ಲಿ ವೈದ್ಯರನ್ನು ಹಿಡಿದು ನಿಜ ಸಂಗತಿ ತಿಳಿಸಿದಳು. ತಾನಾಗಿಯೇ ಇಳಿಯುತ್ತದೆ, ಕುಡಿಯಲು ಕೊಡುತ್ತಿರಿ, ಅವಳು ಇನ್ನೂ ಮಂಕಾದರೆ ಹೆಲಿಕಾಪ್ಟರ್ ಕಳಿಸುತ್ತೇವೆ ಎಂದರು ಅಲ್ಲಿಂದ. ಗುನ್ವೋರ್ ಕೆಟ್ಟ ಹೊಟ್ಟೆಗೆ ಹಿತವಾದ ಬ್ಲೂಬೆರಿ ಹಣ್ಣಿನ ಸಾರಿನ ಪುಡಿಯ ಪೊಟ್ಟಣವನ್ನು ಅವನ ಕೈಗೆ ತುರುಕಿ ಅಡುಗೆಮನೆ ತೋರಿಸಿದಳು.

ಫೋಲ್ಕೆ ಸಾರು ಕುದಿಸಿದ. ಬೆಚ್ಚಗಾದರೆ ಸಾಕಾಗುವ ಸಾರನ್ನು ತಳ ಹಿಡಿಯುವ ತನಕ ಕುದಿಸಿ, ಲೋಟಕ್ಕೆ ಬಗ್ಗಿಸಿಕೊಂಡು ಕೋಣೆಗೆ ಬಂದ. ತೂವಾ ಕಣ್ಣು ಬಿಟ್ಟೇ ಮಲಗಿದ್ದಳು.

"ಗಟ್ಟಿ ಇದೆ ಅಂದೆನಲ್ಲ," ಎಂದಳು. ದನಿ ಒಣಗಿತ್ತು. "ಆಗ ನಿನಗೆ ಗೊತ್ತಿತ್ತಾ?"

ಬಾಯಿಗೆ ಬಂದ ಸುಳ್ಳುಗಳಿಗೆ ಬರವಿರಲಿಲ್ಲ. ಒಂದಕ್ಕಿಂತ ಒಂದು ಚೆಂದದವು.

"ಬೆಂದಿಲ್ಲ ಅಂತ ಗೊತ್ತಿತ್ತು," ಎಂದ. "ಕುದಿಸದೆ ತಿನ್ನಬೇಡಿ ಅಂತ ಪೊಟ್ಟಣದ ಮೇಲೆ ಬರೆದಿತ್ತು. ಓದಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಲೋಟ ಚಾಚಿದ. ಅವಳು ಕೈ ಮುಂದೆ ಮಾಡಲಿಲ್ಲ.

"ನೀನು ಮೊದಲು ಕುಡಿ," ಎಂದಳು.

ಸಾರು ಇನ್ನೂ ಹಬೆಯಾಡುತ್ತಿತ್ತು. ಅವನು ಒಂದು ಗುಟುಕು ಕುಡಿದ, ನಾಲಿಗೆ ಸುಟ್ಟಿತು. ಇನ್ನೊಂದು ಗುಟುಕು ಕುಡಿದ. ಅದು ಗಂಟಲಿನಿಂದ ಇಳಿಯುವುದನ್ನು ತೂವಾ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಲೋಟ ತೆಗೆದುಕೊಂಡು, ಕುಡಿಯದೆ, ಎರಡು ಕೈಯಲ್ಲೂ ಹಿಡಿದು ಎದೆಯ ಮೇಲಿಟ್ಟುಕೊಂಡಳು.