ಕೋರಾಟ್‌ನ ಬಾಳೆಲೆ

ಥಾಯ್ಲೆಂಡಿಗೆ ಹೊರಡುವ ಹಿಂದಿನ ದಿನ ಯಶೋಧರಾ ಸೂಟ್‌ಕೇಸಿನ ತಳಕ್ಕೆ ಒಂದು ಪುಟ್ಟ ಕರೆಂಟ್ ಕುಕ್ಕರ್ ಸೇರಿಸಿದಳು. ಅದರ ಸುತ್ತ ಅಕ್ಕಿ, ಬೇಳೆ, ಸಾರಿನ ಪುಡಿ, ಹುರಿಗಡಲೆ ಚಟ್ನಿಪುಡಿ, ಜಂಗಮಕೋಟೆಯ ತವರಿನಿಂದ ಬಂದ ತುಪ್ಪ.

"ಅಲ್ಲೇನು ಊಟ ಸಿಗಲ್ವಾ?" ಎಂದು ಗಂಡ ಮಧುಸೂದನ್ ನಕ್ಕ.

"ಇರ್ಲಿ ಬಿಡಿ, ಭಾರ ಹೊರೋಳು ನಾನು."

ಅದು ಎರಡು ಸಾವಿರದ ಆರನೇ ಇಸವಿ. ಮಧುಸೂದನ್ ಶಿಡ್ಲಘಟ್ಟದವರಿಗೆ ರೇಷ್ಮೆ ನೂಲು ಬಿಚ್ಚುವ ಯಂತ್ರ ಮಾರುವ ಕಂಪನಿಯೊಂದರಲ್ಲಿ ಇಂಜಿನಿಯರ್. ಹೊಸ ಯಂತ್ರದ ಕೆಲಸ ಕಲಿಯಲು ಅವನನ್ನೂ ಮ್ಯಾನೇಜರ್ ಗಣೇಶ್ ಪ್ರಸಾದರನ್ನೂ ಕೋರಾಟ್ ಎಂಬ ಊರಿಗೆ ಹತ್ತು ದಿನ ಕಳಿಸಿದರು. ಇಬ್ಬರೂ ಹೆಂಡತಿಯರನ್ನು ಕರೆದುಕೊಂಡು ಹೊರಟರು. ಮ್ಯಾನೇಜರರ ಹೆಂಡತಿ ಸಂಹಿತಾ ಬರುತ್ತಾಳೆಂದು ಕೇಳಿದಾಗ ಯಶೋಧರಾ ಹಲ್ಲು ಕಚ್ಚಿದಳು.

ಎರಡು ವರ್ಷದ ಕೆಳಗೆ ಚಿಕ್ಕಬಳ್ಳಾಪುರದಲ್ಲಿ ಸಂಹಿತಾಳ ಮನೆಯ ಗೃಹಪ್ರವೇಶ. ಮಧುಸೂದನನ ತಾಯಿ ಮಂಗಮ್ಮನೂ ಹೋಗಿದ್ದರು. ಇಪ್ಪತ್ತು ವರ್ಷ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಕುದಿಯುವ ನೀರಿಗೆ ಕೈ ಅದ್ದಿ ಗೂಡು ಬಿಚ್ಚಿ ಮಗನನ್ನು ಓದಿಸಿದ ಹೆಂಗಸು. ಅತ್ತೆ ಸೊಸೆಯನ್ನು ಕೊನೇ ಪಂಕ್ತಿಯಲ್ಲಿ, ಹೊರಗಿನ ಶಾಮಿಯಾನದಲ್ಲಿ ಕೂರಿಸಿದರು. ಊಟ ಮುಗಿದ ಮೇಲೆ ಸಂಹಿತಾ ಮಂಗಮ್ಮನ ಹತ್ತಿರ ಬಂದು, "ಕೆಲಸದೋಳು ಕೈ ಕೊಟ್ಲು. ಈ ಎಲೆ ಎತ್ತಿ ಒರೆಸಿಬಿಡಿ, ನಿಮಗೆ ಅಭ್ಯಾಸ ಇರುತ್ತಲ್ಲ," ಅಂದಳು. ಮಂಗಮ್ಮ ಹೊಸ ಸೀರೆ ಸೊಂಟಕ್ಕೆ ಸಿಕ್ಕಿಸಿ ಯಾರ್ಯಾರದೋ ಎಂಜಲೆಲೆ ಎತ್ತಿದರು. ಗಂಡಸರು ಆಗ ಒಳಗೆ ವೀಳ್ಯ ಹಾಕುತ್ತಿದ್ದರು. ಯಶೋಧರಾ ಸಹಾಯಕ್ಕೆ ಬಗ್ಗಿದರೆ ಮಂಗಮ್ಮ ಕೈ ತಳ್ಳಿದರು. "ನೀನು ಮುಟ್ಟಬೇಡ. ಇದು ನನಗೇ ಮುಗೀಲಿ. ಮಗನ ಕೆಲಸ ಅವರ ಕೈಲಿದೆ, ಅವನಿಗೂ ಹೇಳ್ಬೇಡ."

ಯಶೋಧರಾ ಹೇಳಲಿಲ್ಲ. ಆದರೆ ಮರೆಯಲೂ ಇಲ್ಲ.

ಬ್ಯಾಂಕಾಕಿನಲ್ಲಿ ಇಳಿದಾಗ ಸಂಹಿತಾಳ ತಿಂಡಿ ತುಂಬಿದ್ದ ಸೂಟ್‌ಕೇಸ್ ಬರಲೇ ಇಲ್ಲ. ವಿಚಾರಿಸಿದರೆ ನಾಳೆ, ನಾಡಿದ್ದು ಅಂದರು. ಅವತ್ತು ಮಧ್ಯಾಹ್ನ ನಾಲ್ವರೂ ಮಲಗಿದ ಬುದ್ಧನ ದೇವಾಲಯಕ್ಕೆ ಹೋದರು. ಆ ಗೋಡೆಯಿಂದ ಈ ಗೋಡೆಗೆ ಚಾಚಿಕೊಂಡ ಚಿನ್ನದ ಬಣ್ಣದ ಬುದ್ಧ. ಮನೆಯಲ್ಲಿ ದಿನಾ ಬುದ್ಧನ ಪಟಕ್ಕೆ ಕೈಮುಗಿಯುವ ಯಶೋಧರಾ ಆ ಪಾದದ ಬಳಿ ಮಂಡಿಯೂರಿದಳು. ಕರುಣೆ ಬೇಡಬೇಕಾದ ಜಾಗ. ಅವಳು ಬೇಡಿದ್ದು ಬೇರೆ.

ಕೋರಾಟ್‌ನಲ್ಲಿ ಗಂಡಸರು ಬೆಳಿಗ್ಗೆ ಫ್ಯಾಕ್ಟರಿಗೆ ಹೋದರೆ ಬರುವುದು ಸಂಜೆಗೆ. ಹೆಂಗಸರಿಬ್ಬರೇ ಊರು ನೋಡಬೇಕು. ಯಶೋಧರಾ ಏನನ್ನೂ ಬಿಡಲಿಲ್ಲ. ಬಿದಿರು ಬುಟ್ಟಿಯ ಅಂಟು ಅನ್ನ, ಕೆಂಡದ ಮೇಲೆ ಸುಟ್ಟ ಕೋಳಿ, ತೆಂಗಿನ ಹಾಲು ಸುರಿದ ಮಾವಿನ ಹಣ್ಣು. ಸಂತೆಯಲ್ಲಿ ಹುರಿದ ರೇಷ್ಮೆಹುಳವನ್ನೂ ಪೊಟ್ಟಣ ಕಟ್ಟಿಸಿ ಕಡಲೆಕಾಯಿಯಂತೆ ಬಾಯಿಗೆಸೆದುಕೊಂಡಳು. ಸಂಹಿತಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಳೆಹಣ್ಣು ಸುಲಿಯುತ್ತಿದ್ದಳು. ಬಾಳೆಹಣ್ಣು, ಬ್ರೆಡ್ಡು, ಎಳನೀರು. ಎಲ್ಲ ಅಡುಗೆಗೂ ಮೀನಿನ ರಸ ಹಾಕುವ ಊರಲ್ಲಿ ಅವಳಿಗೆ ಉಳಿದದ್ದು ಅಷ್ಟೇ. ನಾಲ್ಕನೇ ದಿನಕ್ಕೆ ಕಣ್ಣು ಗುಳಿಬಿದ್ದಿತ್ತು.

ಐದನೇ ದಿನ ಫಿಮಾಯ್‌ನ ಹಳೇ ಕಲ್ಲಿನ ಗುಡಿ ನೋಡಿ ಬರುವಾಗ ಗಾಡಿಯವಳೊಬ್ಬಳು ಪರಂಗಿಕಾಯಿ ಕೋಸಂಬರಿ ಕುಟ್ಟುತ್ತಿದ್ದಳು. ಸಂಹಿತಾ ತಡೆಯಲಾರದೆ ತಟ್ಟೆ ತೆಗೆದುಕೊಂಡಳು. "ಇದು ವೆಜ್ಜಾ, ಯಶೋಧರಾ?"

ಹೂಂ ಅಂದಿದ್ದರೆ ಸಾಕಿತ್ತು. ತುತ್ತು ತುಟಿಯ ಹತ್ತಿರವಿತ್ತು. ಆದರೆ ತಿಳಿಯದೆ ತಿಂದರೆ ಅದೆಂಥ ಸೇಡು? ಇವಳಿಗೆ ಕಣ್ಣು ತೆರೆದಿರುವಾಗಲೇ ಆಗಬೇಕು.

"ಮೀನಿನ ರಸ ಇದೆ ಮೇಡಂ. ಕೆಳಗಿಡಿ," ಅಂದಳು. ಸಂಹಿತಾ ತಟ್ಟೆ ಇಟ್ಟು ಅಳುವುದೊಂದು ಬಾಕಿ. ಯಶೋಧರಾ ಮೆಲ್ಲಗೆ ಹೇಳಿದಳು, "ನಾಳೆ ಮಧ್ಯಾಹ್ನ ನನ್ನ ರೂಮಿಗೆ ಬನ್ನಿ. ಅನ್ನ, ಸಾರು ಮಾಡ್ತೀನಿ."

ಮರುದಿನ ಸಂತೆಯಿಂದ ಎರಡು ಬಾಳೆಲೆ ತಂದಳು. ಹೋಟೆಲ್ ರೂಮಿನ ನೆಲದ ಮೇಲೆ ಎದುರುಬದುರು ಹಾಸಿದಳು. ಬಾಗಿಲ ಬಳಿ ಸಂಹಿತಾ ಒಂದು ಗಳಿಗೆ ನಿಂತಳು. ಇವರ ಕೈಯಡುಗೆಯೇ ಎಂಬ ಯೋಚನೆ ಮುಖದಲ್ಲಿ ಹಾದುಹೋದದ್ದನ್ನು ಯಶೋಧರಾ ಕಂಡಳು. ಅಷ್ಟರಲ್ಲಿ ಸಾರಿನ ಘಮ ಅವಳನ್ನು ಒಳಕ್ಕೆಳೆದಿತ್ತು. ಕೂತವಳು ಮೂರು ಸಲ ಅನ್ನ ಹಾಕಿಸಿಕೊಂಡಳು. ತುಪ್ಪ ಸುರಿದಷ್ಟೂ ಬೇಡ ಅನ್ನಲಿಲ್ಲ.

ಉಂಡಾದ ಮೇಲೆ ಯಶೋಧರಾ ಕೈ ತೊಳೆದು ಬಂದು ಮಂಚದ ಮೇಲೆ ಕೂತಳು.

"ಎಲೆ ಎತ್ತಿ ಮೇಡಂ. ನಂದೂ."

ಸಂಹಿತಾ ತಮಾಷೆಯೆಂದು ನಕ್ಕಳು. ಎದುರಿನ ಮುಖ ನೋಡಿ ನಗು ನಿಂತಿತು.

"ನಿಮ್ಮ ಗೃಹಪ್ರವೇಶದಲ್ಲಿ ನಮ್ಮತ್ತೆ ಎಷ್ಟು ಎಲೆ ಎತ್ತಿದ್ರು, ಜ್ಞಾಪಕ ಇದೆಯಾ?"

"ಅವತ್ತು... ಅವತ್ತು ಕೆಲಸದೋಳು ಬಂದಿರಲಿಲ್ಲ."

"ನನಗೂ ಇಲ್ಲಿ ಕೆಲಸದೋರಿಲ್ಲ."

"ಎತ್ತದಿದ್ರೆ?"

"ಬಲವಂತ ಏನಿಲ್ಲ. ಇನ್ನು ನಾಲ್ಕು ದಿನ ಇದೆ. ಬಾಳೆಹಣ್ಣು ಕೆಳಗಿನ ಅಂಗಡೀಲೇ ಸಿಗುತ್ತೆ."

ಸಂಹಿತಾಳ ಕಿವಿ ಕೆಂಪಾಯಿತು. ಆಮೇಲೆ ತನ್ನೆಲೆ ಮಡಿಸಿದಳು, ಯಶೋಧರಾಳ ಎಲೆಯನ್ನೂ ಎತ್ತಿದಳು. ಒದ್ದೆ ಬಟ್ಟೆ ಹಿಡಿದು ಮಂಡಿಯೂರಿ ನೆಲ ಒರೆಸಿದಳು. "ಅಲ್ಲಿ, ಮಂಚದ ಕಾಲ ಹತ್ರ ಒಂದಗಳು," ಎಂದು ಯಶೋಧರಾ ಬೆರಳು ತೋರಿಸಿದಳು. ಎದೆಯೊಳಗೆ ಎರಡು ವರ್ಷದಿಂದ ಉರಿಯುತ್ತಿದ್ದದ್ದಕ್ಕೆ ತಣ್ಣೀರು ಬಿದ್ದಂತಾಯಿತು. ನಾಚಿಕೆಯೇನೂ ಆಗಲಿಲ್ಲ. ಮಾರನೇ ದಿನವೂ ಸಂಹಿತಾ ಬಂದಳು. ಅದರ ಮಾರನೇ ದಿನವೂ. ಉಂಡು, ಎರಡೆಲೆ ಎತ್ತಿ, ನೆಲ ಒರೆಸಿ ಹೋದಳು.

ಊರಿಗೆ ಬಂದು ಎಲ್ಲವನ್ನೂ ಅತ್ತೆಗೆ ಹೇಳಿದಾಗ ಮಂಗಮ್ಮ ಕಣ್ಣರಳಿಸಿ ಕೇಳಿದರು. ಮುಗಿದ ಮೇಲೆ ಸಿಡುಕಿದರು.

"ಅಯ್ಯೋ ನಿನ್ನ, ಅವಳಿಗೆ ಜಂಗಮಕೋಟೆ ತುಪ್ಪ ಯಾಕೆ ಹಾಕ್ದೆ ಕಣೇ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡು ತಿಂಗಳೊಳಗೆ ಮಧುಸೂದನನಿಗೆ ಚಿಂತಾಮಣಿಯ ಸಣ್ಣ ಶಾಖೆಗೆ ವರ್ಗವಾಯಿತು. ಕಾರಣ ಯಾರೂ ಹೇಳಲಿಲ್ಲ. ಯಶೋಧರಾಳೇ ಹೇಳಿದಳು, ಗೃಹಪ್ರವೇಶದಿಂದ ಹಿಡಿದು. ಅವನು ಒಂದು ವಾರ ಅವಳ ಜೊತೆ ಮಾತಾಡಲಿಲ್ಲ. ಅಮ್ಮನ ಜೊತೆಗೂ ಅಷ್ಟಕ್ಕಷ್ಟೇ. ಎಂಟನೇ ದಿನ ಚಿಂತಾಮಣಿ ಬಸ್ಸಿಗೆ ಹೊರಟವನು ಹೊಸ್ತಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತಾ ಕೇಳಿದ.

"ಎಲೆ ಎತ್ತುವಾಗ ಅತ್ತಳಾ ಅವಳು?"

"ಇಲ್ಲ."

"ಮೊದಲೇ ನನಗೆ ಹೇಳಿದ್ದಿದ್ರೆ..." ಎನ್ನುತ್ತಾ ಬ್ಯಾಗು ಹೆಗಲಿಗೇರಿಸಿಕೊಂಡ. "ಸಂಜೆ ಬೇಗ ಬರ್ತೀನಿ. ಅಮ್ಮನ್ನ ಮಲಗಕ್ಕೆ ಬಿಡಬೇಡ, ಗೃಹಪ್ರವೇಶದ ದಿನದ್ದು ಮಾತಾಡ್ಬೇಕು."